ನಿರ್ಣಯಕೋಷ್ಠಕ: ಒಂದು ವಿಮರ್ಶೆ

ಗಣಕಯಂತ್ರಕ್ಕೆ ವ್ಯವಹಾರನಿಯಮಗಳನ್ನು ತಿಳಿಸುವವರು ನಿರ್ಣಯಕೋಷ್ಠಕವೆಂಬ ಸಾಧನವನ್ನು ಬಳಸುವರು. ಮೇಲಿನ ಸಾಲುಗಳಲ್ಲಿ ನಿಮಿತ್ತಗಳು, ಕೆಳಗಿನವುಗಳಲ್ಲಿ ಕಾರ್ಯಗಳು. ಒಂದೊಂದು ಕಂಬವೂ ಒಂದೊಂದು ನಿಯಮ. 1950ರ ದಶಕದ ಕೊನೆಯಲ್ಲಿ ಅಮೆರಿಕೆಯಲ್ಲಿ ರೂಢಿಗೆ ಬಂದ ಈ ಪದ್ಧತಿಯನ್ನೊಳಗೊಂಡು 2015ರಲ್ಲಿ ‘ಡಿಎಂಎನ್’ ಎಂಬ ಮಾನದಂಡವು ಏರ್ಪಟ್ಟಿತು. ಕೋಷ್ಠಕವು ತುಂಬಿತೆಂದರೆ ಸಂದೇಹವು ತೀರಿತೆಂದು ಇದರ ಪಕ್ಷಪಾತಿಗಳು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿಚಾರಿಸುವೆವು.

ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಇದು ಅಪೂರ್ವವಾಗಿ ತೋರದು. ಮೂರಕ್ಷರಗಳಲ್ಲಿ ಗುರುಲಘುಗಳನ್ನು ಪ್ರಸ್ತರಿಸಿದರೆ ಮಗಣ ಮೊದಲಾಗಿ ಎಂಟು ಗಣಗಳು ದೊರೆವುವು. ಒಂಬತ್ತನೆಯದಿಲ್ಲ, ಎಂಟರಲ್ಲಿ ಒಂದೂ ಬಿಟ್ಟುಹೋಗದು. ಹಾಗೆಯೇ ಹೌದು, ಅಲ್ಲ ಎಂಬ ಉತ್ತರವುಳ್ಳ ಮೂರು ನಿಮಿತ್ತಗಳಿಗೆ ಎಂಟು ಕಂಬಗಳು, ಹತ್ತಕ್ಕೆ 1,024.

ನಮ್ಮ ಪ್ರಾಂತದ ಉದಾಹರಣೆಯನ್ನೇ ನೋಡೋಣ. ಸಂವಿಧಾನದ 371(ಜೆ) ವಿಧಿಯು ಜನನದಿಂದಾಗಲಿ ನಿವಾಸದಿಂದಾಗಲಿ ಹೈದರಾಬಾದ್ ಕರ್ನಾಟಕಕ್ಕೆ, ಎಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಪ್ರದೇಶಕ್ಕೆ, ಸೇರಿದ ವಿದ್ಯಾರ್ಥಿಗಳಿಗೆ ಸ್ಥಾನಗಳನ್ನು ಕಾದಿರಿಸಲು ಅವಕಾಶವನ್ನಿತ್ತಿದೆ. 2013ರ ಆದೇಶದಂತೆ ಪ್ರದೇಶದೊಳಗಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಇತರೆಡೆಯವುಗಳಲ್ಲಿ ನೂರಕ್ಕೆ 8. ಜನನ, ನಿವಾಸ, ಸಂಸ್ಥೆಯ ಸ್ಥಳ ಎಂಬ ಮೂರು ನಿಮಿತ್ತಗಳಿಗೆ ಎಂಟು ಕಂಬಗಳು. ಜನನವು ಸಿದ್ಧವಾದಲ್ಲಿ ನಿವಾಸವನ್ನು ಕೇಳಬೇಕಿಲ್ಲ. ಎರಡೂ ಇಲ್ಲದಲ್ಲಿ ಸಂಸ್ಥೆಯನ್ನು ಕೇಳಬೇಕಿಲ್ಲ. ಹೀಗೆ ಎಂಟು ಐದಕ್ಕಿಳಿವುವು. ಖಾಲಿ ಕಂಬವಿದ್ದರೆ ಅವ್ಯಾಪ್ತಿಯೂ, ಒಂದೇ ವಿಷಯದಲ್ಲಿ ಎರಡು ಕಂಬಗಳು ಪ್ರವರ್ತಿಸಿದರೆ ಅತಿವ್ಯಾಪ್ತಿಯೂ ಕಣ್ಣಿಗೇ ಬೀಳುವುವು. ಗದ್ಯರೂಪದ ಆದೇಶದಲ್ಲಿ ಇವು ಅಡಗಿರುತ್ತವೆ. ಇದು ಈ ಪದ್ಧತಿಯ ನಿಸ್ಸಂದಿಗ್ಧವಾದ ಗುಣ.

ದೋಷಗಳು ಎರಡು. ಮೊದಲನೆಯದು ಬಲಾಬಲವಿಚಾರ. ಪಾಣಿನಿಯ ಶಾಸ್ತ್ರದಲ್ಲಿ ತುಲ್ಯಬಲಗಳ ವಿರೋಧ ಬಂದಾಗ ಪರಸೂತ್ರವು ಗೆಲ್ಲುವುದು. ಅಪವಾದವಾದರೋ ಎಲ್ಲಿದ್ದರೂ ಉತ್ಸರ್ಗವನ್ನು ಬಾಧಿಸುವುದು. ಡಿಎಂಎನ್‌ನ ‘ಪ್ರಥಮ’ವೆಂಬ ವಿಧಾನದಲ್ಲಿ ಮೊದಲು ಬರೆದ ನಿಯಮವೇ ಗೆಲ್ಲುವುದು. ಅಪವಾದವನ್ನು ಅರಿಯದೆ ಉತ್ಸರ್ಗದ ಕೆಳಗೆ ಬರೆದರೆ ಅದು ಎಂದಿಗೂ ಪ್ರವರ್ತಿಸದು, ಯಂತ್ರವೂ ದೂರದು. ಆದುದರಿಂದ ಒಂದು ವಿಷಯಕ್ಕೆ ಒಂದೇ ನಿಯಮವೆಂಬ ‘ಅನನ್ಯ’ ವಿಧಾನವೇ ಶ್ರೇಯಸ್ಕರವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಗುರುತರವಾದುದು. ನೀರಮಾನ್ವಿಯ ಒಂದು ಕುಟುಂಬವು ಕೂಲಿಗಾಗಿ ಬೆಂಗಳೂರಿಗೆ ಹೋಗಿದ್ದಾಗ ಅಲ್ಲಿಯೇ ಕೂಸು ಹುಟ್ಟಿತೆಂದು ಭಾವಿಸೋಣ. ಜನನದ ಸಾಲಿನಲ್ಲಿ ‘ಅಲ್ಲ’ವೆಂದೇ ಬರೆಯಬೇಕು. ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿ, ಉಳಿದವು ಪರಊರಿನಲ್ಲಿ. ನಿವಾಸದ ಸಾಲಿನಲ್ಲಿ ಬರೆವುದೇನು? ಕೋಷ್ಠಕವು ಹೌದು, ಅಲ್ಲಗಳನ್ನು ಜೋಡಿಸಬಲ್ಲುದು, ನಿವಾಸವೆಂದರೇನೆಂಬುದನ್ನು ಹೇಳಲಾರದು. ಅದು ಪದಾರ್ಥನಿರ್ಣಯ, ಮೀಮಾಂಸೆಯ ಕೆಲಸ. ಅದನ್ನು ಮೊದಲು ಮಾಡದಿದ್ದರೆ ಅತ್ಯಂತ ಪೂರ್ಣವಾದ ಕೋಷ್ಠಕವೂ ಆ ಕೂಸನ್ನು ಕಡೆಯ ಕಂಬಕ್ಕೆ ತಳ್ಳುವುದು. ತಳ್ಳಿದವರಾರೆಂದು ಕೇಳಿದರೆ ಯಾರೂ ಇಲ್ಲ.

ಪ್ರಸ್ತಾರವು ಗಣಗಳನ್ನು ಎಣಿಸುವುದು. ಪದ್ಯದ ಅರ್ಥವನ್ನು ಓದುಗನೇ ಗ್ರಹಿಸಬೇಕು. ಕೋಷ್ಠಕವನ್ನು ರಚಿಸುವವರು ಪ್ರತಿಯೊಂದು ನಿಮಿತ್ತದ ಪಕ್ಕದಲ್ಲಿಯೂ ಅದರ ಲಕ್ಷಣವನ್ನು ಬರೆದಿಡಲಿ, ಬರೆದವರ ಹೆಸರೂ ಅಲ್ಲಿರಲಿ. ಆಗ ಈ ಸಾಧನವು ಸರ್ವಥಾ ಉಪಾದೇಯವೇ ಸರಿ.