ಬಣ್ಣ ಹೊಡೆಸಬೇಡಿ, ಹಾಗೇ ಮಾರಿ

ಜಿಕೋವ್ ಕಾರ್ಬೊರೇಟರಿನ ಜೆಟ್ಟುಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಅಜ್ಜಂಪುರದ ಕಡೆಯ ಓದುಗರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ತಡಮಾಡದೆ ಉತ್ತರಿಸಬೇಕಾಗಿದೆ. ಅವರ ತಂದೆ ಅರವತ್ತರ ದಶಕದಲ್ಲಿ ಕೊಂಡ ಜಾವಾ 250 ಕೊಬ್ಬರಿ ಅಟ್ಟದ ಕೆಳಗೆ ನಿಂತಿದೆ. ತಂದೆ ತೀರಿಕೊಂಡಿದ್ದಾರೆ, ಮಗನಿಗೆ ಗಾಡಿ ಓಡಿಸುವ ಆಸೆಯಿಲ್ಲ. "ಸಾರ್, ಪೂರ್ತಿ ಬಿಚ್ಚಿ, ಪೇಂಟ್ ಹೊಡೆದು, ಕ್ರೋಮ್ ಹಾಕಿಸಿ ಕೊಡ್ತೀನಿ ಅಂತ ಒಬ್ರು ಹೇಳ್ತಿದಾರೆ. ಮಾಡಿಸಿ ಮಾರ್ಲಾ, ಹಂಗೇ ಮಾರ್ಲಾ?"

ಹಾಗೇ ಮಾರಿ. ಬಿಚ್ಚಲು ಬಿಡಲೇಬೇಡಿ.

ಈ ಅಂಕಣದಲ್ಲಿ ಬಣ್ಣ ಬಳಿಯುವವರ ಜೊತೆ ನನ್ನ ಜಗಳ ಹಳೆಯದು. ಅವರ ವಾದ ನಿಮಗೂ ಗೊತ್ತು: ಗಾಡಿ ಶೋರೂಮಿನಿಂದ ಆಗಷ್ಟೇ ಇಳಿದ ಹಾಗೆ ಕಾಣಬೇಕು. ಹಾಗೆ ಕಾಣಿಸಲು ಅವರು ಏನು ಮಾಡುತ್ತಾರೆ ನೋಡಿ. ಮೊದಲು ಸ್ಯಾಂಡ್ ಬ್ಲಾಸ್ಟಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಹಚ್ಚಿದ ಮರೂನ್ ಬಣ್ಣ ಅಲ್ಲಿಗೆ ಮುಗಿಯಿತು. ಜೊತೆಗೆ ಫ್ರೇಮಿನ ಮೇಲೆ ಕುಟ್ಟಿದ ಚಾಸಿಸ್ ಸಂಖ್ಯೆಯ ಅಂಚುಗಳೂ ಸವೆಯುತ್ತವೆ. ಆಮೇಲೆ ಟ್ಯಾಂಕಿನ ಎರಡೂ ಪಕ್ಕದ ಕ್ರೋಮ್. ಹಳೆಯದನ್ನು ತೆಗೆದು ಬಫಿಂಗ್ ಮಾಡಿದಾಗ ತಗಡೇ ತೆಳ್ಳಗಾಗುತ್ತದೆ. ತಗ್ಗಿದ್ದಲ್ಲಿ ಪುಟ್ಟಿ ತುಂಬುತ್ತಾರೆ. ಮೊಣಕಾಲಿಗೆ ತಾಗುವ ಹಳೆಯ ರಬ್ಬರ್ ಪ್ಯಾಡ್ ಗುಜರಿಗೆ, ಅದರ ಜಾಗಕ್ಕೆ ಅಚ್ಚು ಸರಿಯಿಲ್ಲದ ನಕಲಿ ಪ್ಯಾಡ್. ಬಂಗಾರದ ಗೆರೆಗಳ ಬದಲು ಸ್ಟಿಕ್ಕರ್. ಗಾಡಿ ಹೊಳೆಯುವುದೇನೋ ನಿಜ, ಆದರೆ 1960ರ ದಶಕದ ಮೈಸೂರಿನದು ಎನ್ನುವುದಕ್ಕೆ ಅದರ ಮೈಮೇಲೆ ಒಂದು ಗುರುತೂ ಉಳಿದಿರುವುದಿಲ್ಲ. ಬಣ್ಣ ಇನ್ನು ಹತ್ತು ವರ್ಷ ಬಿಟ್ಟೂ ಹೊಡೆಸಬಹುದು. ಕಾರ್ಖಾನೆಯ ಬಣ್ಣ ಒಮ್ಮೆ ಕೆರೆದರೆ ಮತ್ತೆ ಬರುವುದಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಇದನ್ನೇ 2012ರಲ್ಲಿ ತನ್ನ ಟುರಿನ್ ಸನ್ನದಿನಲ್ಲಿ ಬರೆದಿಟ್ಟಿದೆ. ನಾನು ಮತ್ತೆ ಮತ್ತೆ ತೆರೆದು ಓದುವ ಪತ್ರ ಅದು. ಪುರಾತನ ಕಟ್ಟಡಗಳನ್ನು ಕಾಯಲು 1964ರಲ್ಲಿ ವೆನಿಸ್‌ನಲ್ಲಿ ರೂಪಿಸಿದ ಸನ್ನದೇ ಅದಕ್ಕೆ ಮಾದರಿ. ಅದು ಹೇಳುವುದು ಇಷ್ಟು: ಇದ್ದದ್ದನ್ನು ಇದ್ದಂತೆ ಕಾಯುವುದು ಮೊದಲ ಕೆಲಸ. ಹಾಳಾಗುತ್ತಿರುವುದನ್ನು ತಡೆಯುವುದು ಎರಡನೆಯದು. ಇಲ್ಲದ್ದನ್ನು ಕೂಡಿಸಿ ಕಟ್ಟುವುದು ಬೇರೆ ದಾರಿಯಿಲ್ಲದಾಗ ಮಾತ್ರ. ಹಾಗೆ ಕೂಡಿಸಿದ ಭಾಗ ಹತ್ತಿರದಿಂದ ನೋಡಿದವರಿಗೆ ಗೊತ್ತಾಗುವಂತಿರಬೇಕು. ಬಳಕೆಯಿಂದ ಬಿದ್ದ ಗುರುತುಗಳೂ ವಾಹನದ ಚರಿತ್ರೆಗೆ ಸೇರಿದವು. ನಿಮ್ಮ ತಂದೆಯ ಮೊಣಕಾಲು ತಾಗಿ ಸವೆದ ರಬ್ಬರಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ಸೀಮೆಯಲ್ಲಿ ಇಂಥ ಗಾಡಿ ಉಳಿಯಲು ಹವೆಯೂ ಕಾರಣ. ಮೂಡಿಗೆರೆಯ ಕಡೆಯೋ ಕೆಮ್ಮಣ್ಣುಗುಂಡಿಯ ತಪ್ಪಲಲ್ಲೋ ನಿಂತ ಗಾಡಿಗೆ ನಾಲ್ಕು ತಿಂಗಳ ಮಳೆಯ ತೇವ. ಸೈಲೆನ್ಸರ್ ಒಳಗಿನಿಂದ ತೂತಾಗುತ್ತದೆ, ಮಡ್ಗಾರ್ಡಿನ ಅಂಚು ಪುಡಿಯಾಗುತ್ತದೆ. ಕಡೂರು, ಅಜ್ಜಂಪುರ ಬಯಲು. ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು ತಾನಾಗಿ ಉಂಡೆ ಕೊಬ್ಬರಿಯಾಗುವಷ್ಟು ಒಣ ಹವೆ. ಆ ಅಟ್ಟದ ಕೆಳಗೆ ನಿಂತ ಕಬ್ಬಿಣವೂ ತುಕ್ಕು ಹಿಡಿಯದೆ ಬಾಳುತ್ತದೆ. ಇಲಿಯ ಕಾಟ ಇದ್ದೇ ಇರುತ್ತದೆ. ಸೀಟು ಬಿಚ್ಚಿ ನೋಡಿ, ವೈರಿಂಗ್ ಕಡಿದಿರಬಹುದು. ಅದು ದೊಡ್ಡ ನಷ್ಟವಲ್ಲ.

ಹವೆಯ ಮಾತು ಅಜ್ಜಂಪುರಕ್ಕೆ ಬಂದ ಮೇಲೆ ಅಮೃತ್ ಮಹಲ್ ನೆನಪಾಗದೆ ಹೇಗೆ? ಮಾರುವ ವಿದ್ಯೆ ಕಲಿಯಬೇಕೆಂದರೆ ಬೀರೂರಿನಲ್ಲಿ ನಡೆಯುವ ಅಮೃತ್ ಮಹಲ್ ಹೋರಿಗಳ ಹರಾಜು ನೋಡಬೇಕು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ನಡೆದುಬಂದ, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರಾದ ತಳಿ ಅದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಅದನ್ನು ಬೆರಕೆಯಾಗದಂತೆ ಕಾಯುತ್ತಿದೆ. ಬೇರೆ ಜಾತ್ರೆಗಳಲ್ಲಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಬಣ್ಣ ಬಳಿದು ನಿಲ್ಲಿಸುವುದುಂಟು. ಇಲ್ಲಿಗೆ ಬರುವ ಹೋರಿ ಕಾವಲಿನಲ್ಲಿ ಮೇಯ್ದು ಬೆಳೆದದ್ದು, ಹಗ್ಗದ ಪರಿಚಯವೂ ಅಷ್ಟಕ್ಕಷ್ಟೆ. ಕೂಗುವಾಗ ಅದರ ತಾಯಿಯ ಸಾಲಿನ ಹೆಸರು ಹೇಳುತ್ತಾರೆ. ಬಲ್ಲ ರೈತ ಆ ಹೆಸರು ಕೇಳಿ, ಕೊಂಬಿನ ಬಾಗು ಮತ್ತು ಕಾಲಿನ ನಿಲುವು ನೋಡಿ ಸವಾಲು ಏರಿಸುತ್ತಾನೆ. ಜೋಡಿಗೆ ಲಕ್ಷ ದಾಟುವುದು ಆ ವಂಶಕ್ಕಾಗಿ. ಹಳೆಯ ಗಾಡಿಯ ವಂಶ ಇರುವುದು ಕಾಗದದಲ್ಲಿ, ಸಂಖ್ಯೆಗಳಲ್ಲಿ, ಮುಟ್ಟದೆ ಬಿಟ್ಟ ಮೈಯಲ್ಲಿ. ಮೊದಲ ಆರ್‌ಸಿ ಪುಸ್ತಕ, ತೆರಿಗೆ ರಸೀದಿ, ಟೂಲ್ ಕಿಟ್, ಗಾಡಿಗೆ ಸಿಕ್ಕಿಸಿದ್ದ ಗಾಳಿ ಪಂಪು, ತಂದೆ ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೊ, ಇವೆಲ್ಲ ಒಂದೇ ಕಡೆ ಇರಲಿ. ಬಲ್ಲವರು ದುಡ್ಡು ಕೊಡುವುದು ಇದಕ್ಕೆ.

ಹಾಗಾದರೆ ಏನೂ ಮಾಡಬಾರದೇ? ಮಾಡಬೇಕು, ಸ್ವಲ್ಪ. ತಣ್ಣೀರು, ಮೆತ್ತನೆಯ ಬಟ್ಟೆ, ಆಮೇಲೆ ಸಾದಾ ವ್ಯಾಕ್ಸ್. ಉಜ್ಜುವ ಪೇಸ್ಟ್ ಯಾವುದೂ ಬೇಡ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್ ಬಸಿದುಬಿಡಿ. ಕಿಕ್ಕರ್ ಹೊಡೆಯುವ ಆತುರ ಬೇಡ. ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಸಲಾಕೆ ಎಂದು ನಿಮಗೆ ಗೊತ್ತಿದೆ. ಬಿಗಿದ ಎಂಜಿನ್ನಿನ ಮೇಲೆ ಜೋರು ಹಾಕಿದರೆ ಎರಡೂ ಹಾಳು. ಪ್ಲಗ್ ತೆಗೆದು, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ದಿನ ಕಾದು, ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗಿದರೆ ಅಷ್ಟಕ್ಕೇ ನಿಲ್ಲಿಸಿ. ಒಣಗಿದ ಆಯಿಲ್ ಸೀಲು, ಅಂಟಿಕೊಂಡ ಕಾರ್ಕ್ ಕ್ಲಚ್ ಪ್ಲೇಟು ಕೊಳ್ಳುವವರ ಪಾಲಿನ ಕೆಲಸ. ಅದನ್ನು ಮುಚ್ಚಿಡದೆ ಹೇಳಿ.

ಎಂಜಿ ಟಿಡಿಯಂಥ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮನೆಯಲ್ಲಿರುವವರಿಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಅದರ ತಗಡಿನ ಒಳಗಿರುವುದು ಮರದ ಚೌಕಟ್ಟು. ಹೊಸ ಬಣ್ಣ ಬಿದ್ದರೆ ಕೊಳ್ಳುವವರಿಗೆ ಮರ ಕೊಳೆತಿದೆಯೇ ಎಂಬ ಅನುಮಾನವೇ ಮೊದಲು ಬರುತ್ತದೆ. ಹಳೆಯ ಬಣ್ಣ ಬಿರುಕಿಲ್ಲದೆ ಇದ್ದರೆ ಒಳಗಿನ ಮರದ ಮೇಲೂ ನಂಬಿಕೆ ಹುಟ್ಟುತ್ತದೆ.

ಈಗ ಕಾನೂನೂ ನಮ್ಮ ಕಡೆಗಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ದ್ವಿಚಕ್ರವಾಗಲಿ ಕಾರಾಗಲಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ಹೊಸದಾಗಿ ನೋಂದಾಯಿಸಲು ₹20,000, ಹತ್ತು ವರ್ಷದ ಮಾನ್ಯತೆ. ಮರುನೋಂದಣಿಗೆ ₹5,000. ಮೊದಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಎಂವೈ ಅಕ್ಷರದ ಆ ಮೈಸೂರು ರಾಜ್ಯದ ಫಲಕವನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ವಿಂಟೇಜ್ ಆದ ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ಆ ದಾರಿ ಬೇಕೋ ಬೇಡವೋ ಎನ್ನುವುದನ್ನು ಕೊಳ್ಳುವವರೇ ತೀರ್ಮಾನಿಸಲಿ.

ನೀವು ಮೊದಲು ಮಾಡಬೇಕಾದ ಕೆಲಸ ಬೇರೆ. ಗಾಡಿ ಇನ್ನೂ ತಂದೆಯ ಹೆಸರಲ್ಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ನಮೂನೆ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಷ್ಟು ಹಳೆಯ ದಾಖಲೆ ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿ ಸಿಗುವ ಸಂಭವವೇ ಹೆಚ್ಚು. ತರೀಕೆರೆಯ ಕೆಎ 66 ಕಚೇರಿ ಬಂದದ್ದು ಬಹಳ ಈಚೆಗೆ. ಅದಾದ ಮೇಲೆ ಮಾರುವಾಗ ನಮೂನೆ 29 ಮತ್ತು 30. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಆಮೇಲೆ ನಾನೇ ಮಾಡಿಸ್ಕೋತೀನಿ" ಎನ್ನುವವರಿಗೆ ಗಾಡಿ ಕೊಡಬೇಡಿ. ವರ್ಗಾವಣೆ ದಾಖಲಾಗುವ ತನಕ ಗಾಡಿಯಿಂದ ಏನೇ ಆದರೂ ಜವಾಬ್ದಾರಿ ನಿಮ್ಮ ತಲೆಗೇ ಬರುತ್ತದೆ.