ಕೊಟ್ಟಿಗೆಯ ಜಾವಾ: ಕೊಳ್ಳುವ ಮುನ್ನ

ಹಳೇ ಜಾವಾ ಕೊಳ್ಳಲು ಹೊರಟವರು ಮೊದಲು ನೋಡುವುದು ಟ್ಯಾಂಕಿನ ಬಣ್ಣವನ್ನು. ನಿಜಕ್ಕೂ ಕೊನೆಗೆ ನೋಡಬೇಕಾದದ್ದು ಅದು. ಬಣ್ಣ ಹೊಡೆಯುವವರು ಊರಿಗೊಬ್ಬರು ಸಿಗುತ್ತಾರೆ. ಕಳೆದುಹೋದ ಚೈನ್ ಕವರ್ ತಂದುಕೊಡುವವರು ಸಿಗುವುದಿಲ್ಲ.

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಈ ಗಾಡಿಗಳು ಇನ್ನೂ ಕೊಟ್ಟಿಗೆ, ಅಟ್ಟದ ಕೆಳಗೆ ಬಿದ್ದಿರುವುದಕ್ಕೆ ಕಾರಣವಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇವನ್ನು ತಯಾರಿಸಿತು. ಎಪ್ಪತ್ತರ ದಶಕದ ನಡುವೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಆಗ ಈ ಸೀಮೆಯೆಲ್ಲ ಮೈಸೂರು ಜಿಲ್ಲೆಯೇ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಕಾರ್ಖಾನೆ ಬಾಗಿಲು ಹಾಕಿದ ಮರುವರ್ಷ.

ಮೊನ್ನೆ ಚಂದಕವಾಡಿಯಲ್ಲಿ ಅಂಥದೊಂದು 250 ಸಿಸಿ ಜಾವಾ ನೋಡಿದೆ. ಮೇವಿನ ಕಂತೆಗಳ ಹಿಂದೆ, ಎರಡೂ ಟೈರು ನೆಲಕ್ಕೆ ಅಂಟಿಕೊಂಡು ನಿಂತಿತ್ತು. ಬಲಗಡೆ ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. "ನಮ್ಮಪ್ಪನ ಗಾಡಿ ಸಾ, ಅವರು ಹೋದ್ಮೇಲೆ ಯಾರೂ ಮುಟ್ಟಿಲ್ಲ. ನೀವೇ ಒಂದು ರೇಟ್ ಹೇಳಿ" ಎಂದರು ಮನೆಯವರು. ಯಾರೂ ಮುಟ್ಟಿಲ್ಲ ಎಂಬ ಮಾತಿನಷ್ಟು ಒಳ್ಳೆಯ ಸುದ್ದಿ ಈ ವ್ಯವಹಾರದಲ್ಲಿ ಇನ್ನೊಂದಿಲ್ಲ. ಹೆಡ್‌ಲೈಟಿನ ಡೂಮಿನೊಳಗೆ ಸ್ಪೀಡೋಮೀಟರ್ ಇತ್ತು. ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರ್ ತುಕ್ಕು ಹಿಡಿದಿದ್ದರೂ ಇಡಿಯಾಗಿತ್ತು. ಟ್ಯಾಂಕಿನ ಪಕ್ಕದ ಕ್ರೋಮಿಯಂ ಮಂಕಾಗಿತ್ತು, ಆದರೆ ಎಲ್ಲಿಯೂ ನುಜ್ಜಾಗಿರಲಿಲ್ಲ.

ಆಮೇಲೆ ಎಂಜಿನ್. ಜಾವಾದಲ್ಲಿ ಕಿಕ್ಕರಿಗೂ ಗೇರಿಗೂ ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರ್. ಅದನ್ನು ಒದೆಯುವ ಆತುರ ಬೇಡ. ಟು-ಸ್ಟ್ರೋಕ್ ಎಂಜಿನ್ನಿನ ಬೇರಿಂಗು, ಪಿಸ್ಟನ್ನಿಗೆ ಎಣ್ಣೆ ಸಿಗುವುದೇ ಪೆಟ್ರೋಲಿನ ಜೊತೆ ಬೆರೆತು. ಗಾಡಿ ನಿಂತರೆ ಎಣ್ಣೆಯೂ ನಿಂತ ಹಾಗೆ. ಒಳಗೆ ತುಕ್ಕು ಕೂರುತ್ತದೆ, ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಆಗ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ತಳ್ಳಿ ನೋಡಬೇಕು. ಬಿಟ್ಟುಕೊಂಡರೆ ಸರಿ. ಬಿಡದಿದ್ದರೂ ಗಾಬರಿ ಬೇಡ: ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕುವುದು ಲೇತ್ ಕೆಲಸದವರಿಗೆ ಹೊಸದೇನಲ್ಲ. ಎಂಜಿನ್ ಕೇಸ್ ಒಡೆದು ವೆಲ್ಡಿಂಗ್ ಮಾಡಿದ್ದರೆ ಮಾತ್ರ ಎರಡು ಸಲ ಯೋಚಿಸಿ.

ಸ್ಟಾರ್ಟ್ ಆಗುವ ಗಾಡಿಯಾದರೆ ಹೊಗೆ ನೋಡಿ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್‌ಬಾಕ್ಸಿನ ಎಣ್ಣೆ ಒಳಗೆ ಎಳೆದುಕೊಳ್ಳುತ್ತಿರಬಹುದು. ಡೈನಮೋ ಕಡೆಯ ಸೀಲ್ ಹೋಗಿದ್ದರೆ ಹೊಗೆಯಲ್ಲಿ ಗೊತ್ತಾಗುವುದಿಲ್ಲ. ಗಾಳಿ ಸೇರಿ ಎಂಜಿನ್ ಕಾದು ಸೀಜ್ ಆದಾಗಲೇ ತಿಳಿಯುತ್ತದೆ. ಸೀಲು ಅಗ್ಗದ ವಸ್ತು, ಅದನ್ನು ಬದಲಿಸಲು ಬಿಚ್ಚಿ ಜೋಡಿಸುವ ಕೂಲಿ ಅಗ್ಗವಲ್ಲ.

ಇಷ್ಟೆಲ್ಲ ನೋಡುವ ಮುಂಚೆಯೇ ಕೇಳಬೇಕಾದದ್ದು ಆರ್‌ಸಿ ಬುಕ್. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ ಓದಿ ಬುಕ್ಕಿನೊಂದಿಗೆ ತಾಳೆ ಹಾಕಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರೆಲ್ಲ ಒಪ್ಪಿದ್ದಾರೆಯೇ ಎಂದು ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿಯೂ ಸಿಗುತ್ತದೆ. ಅದಕ್ಕೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದೇ ಹೊರತು ದಿನಾ ಓಡಿಸುವಂತಿಲ್ಲ. ಸಂತೆಗೆ, ತೋಟಕ್ಕೆ ಹೋಗಿಬರಲು ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಲಿ.

ರೇಟಿನ ಮಾತಿಗೆ ಬಂದರೆ, ಗಾಡಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಇನ್ನೊಂದು ಪಾಲು ರಿಪೇರಿಗೆಂದು ಕೈಯಲ್ಲಿಟ್ಟುಕೊಂಡೇ ಚೌಕಾಸಿಗೆ ಕೂರಿ. ಹಣದ ಜೊತೆ ಮೆಕ್ಯಾನಿಕ್ಕೂ ಇರಬೇಕು. ಪಾಯಿಂಟ್ ಗ್ಯಾಪ್ ಹೊಂದಿಸಿ ಟೈಮಿಂಗ್ ಕೂರಿಸಬಲ್ಲ ಹಿರಿಯ ಮಿಸ್ತ್ರಿಗಳು ಈಗ ಎಲ್ಲ ಊರಲ್ಲಿಲ್ಲ. ಓಡಿಸಲು ಶುರುಮಾಡಿದ ಮೇಲೆ ಲೀಟರಿಗೆ ಸುಮಾರು 40 ಮಿಲಿಲೀಟರ್ 2ಟಿ ಎಣ್ಣೆ ಮರೆಯಬೇಡಿ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಖಾಲಿ ಮಾಡಿ.

ಚಂದಕವಾಡಿಯ ಗಾಡಿಯ ಪಿಸ್ಟನ್ ಕಚ್ಚಿಕೊಂಡಿದೆ, ವೈರಿಂಗನ್ನು ಇಲಿ ತಿಂದಿದೆ. ಆದರೂ ಕೊಳ್ಳಿ ಎಂದೇ ನನ್ನ ಸಲಹೆ, ವಾರಸುದಾರರ ಕಾಗದ ಆದ ಮೇಲೆ. ಅದೇ ದುಡ್ಡಿಗೆ ಥಳಥಳ ಹೊಳೆಯುವ, ಹತ್ತು ಗಾಡಿಯ ಬಿಡಿಭಾಗ ಸೇರಿಸಿ ನಿಲ್ಲಿಸಿದ ಜಾವಾ ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ. ಗಾಡಿ ಕೆಟ್ಟಿರಲಿ ಪರವಾಗಿಲ್ಲ, ಇಡಿಯಾಗಿರಬೇಕು.