ಕಾಡಿನ ಚಿತ್ರಗಳೂ ಕಾಡಂಚಿನ ಪ್ರೇಕ್ಷಕರೂ

ಚಲಚ್ಚಿತ್ರವನ್ನು ನೋಡಿ ಎದ್ದವರು ಆಡುವ ಮೊದಲ ಮಾತನ್ನು ವಿಮರ್ಶೆಯೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ‘ಚೆನ್ನಾಗಿದೆ’, ‘ಬಹಳ ಎಳೆದಿದ್ದಾರೆ’, ‘ಮೊದಲರ್ಧ ಪರವಾಗಿಲ್ಲ’ ಎಂಬಂಥ ಮಾತುಗಳು ಚಹದ ಲೋಟ ಬರಿದಾಗುವುದರೊಳಗೆ ಮರೆತುಹೋಗತಕ್ಕವು; ಅವುಗಳಲ್ಲಿ ವಾದವಿಲ್ಲ, ಸಮರ್ಥನೆಯಿಲ್ಲ, ಲಕ್ಷಣದ ಪ್ರಸ್ತಾಪವಿಲ್ಲ. ಆದರೂ ಅನುಭವಕ್ಕೆ ಅತ್ಯಂತ ಸಮೀಪದಲ್ಲಿ ಹುಟ್ಟುವ ಮಾತು ಇದೇ ಆಗಿದೆ. ಇಂಥ ಕೆಲವು ಮಾತುಗಳನ್ನು ಎತ್ತಿಕೊಂಡು, ಅವುಗಳ ಹಿಂದಿರುವ ವಿವೇಕವನ್ನು ನಮ್ಮ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ನಾವು ಆರಿಸಿಕೊಂಡ ಸ್ಥಳ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಗೆ ಹತ್ತಿದ ಅಂಬೇವಾಡಿ. ಕಾಡಿನ ಮರವನ್ನು ಹೊರಸಾಗಿಸಲೆಂದು ಅಳ್ನಾವರದಿಂದ ಹಾಕಿದ ರೈಲುದಾರಿಯ ನಿಲ್ದಾಣ ಇಲ್ಲಿದೆ. ದೀರ್ಘಕಾಲ ನಿಂತುಹೋಗಿದ್ದ ಪ್ರಯಾಣಿಕರ ಗಾಡಿ 2019ರ ನವೆಂಬರಿನಲ್ಲಿ ಈ ದಾರಿಯ ಮೇಲೆ ಪುನಃ ಓಡಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಸುತ್ತಲಿನ ಬಿದಿರನ್ನು ನೆಚ್ಚಿ ಬೆಳೆಯಿತು. ಅದರ ಮರುವರ್ಷವೇ, 1956ರಲ್ಲಿ, ದಾಂಡೇಲಿಯ ಅರಣ್ಯ ವನ್ಯಜೀವಿಧಾಮವಾಯಿತು. 2007ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೇರಿತು. 2015ರಲ್ಲಿ ಆ ಪ್ರದೇಶಕ್ಕೆ ಕಾಳಿಯ ಹೆಸರು ಬಂದಿತು. ಇದೇ ಕಾಳಿನದಿಗೆ 1987ರ ಹೊತ್ತಿಗೆ ಕಟ್ಟಿ ಮುಗಿದ 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಗೊಂಡರು. ಹೀಗೆ ಒಂದೇ ಕಾಡು ಡಿಪೋದ ಮರವಾಗಿ, ಗಿರಣಿಯ ಬಿದಿರಾಗಿ, ಹುಲಿಯ ಧಾಮವಾಗಿ, ನೀರಿನ ತಳವಾಗಿ ಬಗೆಬಗೆಯ ಲೆಕ್ಕಕ್ಕೆ ಸಂದ ಸೀಮೆ ಇದು. ಇಲ್ಲಿಯ ಪ್ರೇಕ್ಷಕನು ತೆರೆಯ ಮೇಲೆ ಕಾಡನ್ನು ಕಂಡಾಗ ಕೇವಲ ದೃಶ್ಯವನ್ನು ಕಾಣಲಾರನೆಂಬುದು ಸ್ಪಷ್ಟ.

ಇತ್ತೀಚೆಗೆ ನಾವು ಅಲ್ಲಿ ತಂಗಿದ್ದ ದಿನಗಳಲ್ಲಿ ಮನೆಯ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ನೋಡಿದ ಚಿತ್ರಗಳು ನಾಲ್ಕು: ‘ಗಂಧದ ಗುಡಿ’ (1973), ‘ಕಾಡು’ (1973), ‘ದ್ವೀಪ’ (2002), ‘ಕಾಂತಾರ’ (2022). ಹಿಂದೆ ಹಳೆಯ ಚಿತ್ರವೊಂದು ಮರುಬಿಡುಗಡೆಯಾಗುವವರೆಗೆ ಕಾಯಬೇಕಾಗಿತ್ತು. ಈಗ ಐವತ್ತು ವರ್ಷಗಳ ಅಂತರದ ಚಿತ್ರಗಳು ಒಂದೇ ವಾರದಲ್ಲಿ ಕಣ್ಣೆದುರು ಬರುತ್ತವೆ. ಆದ್ದರಿಂದ ಲಘುವಾಗಿ ಆಡಿದ ಮಾತು ಕೂಡ ಅರಿವಿಲ್ಲದೆಯೇ ತೌಲನಿಕವಾಗುತ್ತದೆ.

ಈ ಮಾತುಗಳನ್ನು ತೂಗಲು ಅಭಿನವಗುಪ್ತನು ನಮಗೊಂದು ತಕ್ಕಡಿಯನ್ನು ಕೊಟ್ಟಿದ್ದಾನೆ. ಭರತನ ರಸಸೂತ್ರಕ್ಕೆ ‘ಅಭಿನವಭಾರತಿ’ಯಲ್ಲಿ ವ್ಯಾಖ್ಯಾನ ಬರೆಯುತ್ತ ಅವನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ಮೊದಲನೆಯದು ಸಂಭಾವನಾವಿರಹ; ಎಂದರೆ ‘ಹೀಗೆ ನಡೆಯಲಾರದು’ ಎಂದು ಪ್ರೇಕ್ಷಕನ ಮನಸ್ಸು ಹಿಂದೆಗೆಯುವುದು. ಎರಡನೆಯದು ತನ್ನ ಅಥವಾ ಪರರ ದೇಶಕಾಲಗಳ ವಿಶೇಷದಲ್ಲಿ ಸಿಕ್ಕಿಬೀಳುವುದು. ಮೂರನೆಯದು ಸ್ವಂತ ಸುಖದುಃಖಗಳಿಗೆ ವಶನಾಗುವುದು. ಆರನೆಯದು ಅಪ್ರಧಾನತೆ, ಎಂದರೆ ಪ್ರಧಾನವಾಗಬೇಕಾದದ್ದು ಗೌಣವಾಗುವುದು. ಎರಡನೆಯ ಮತ್ತು ಮೂರನೆಯ ವಿಘ್ನಗಳನ್ನು ಹಿಡಿದು, ಕಾಡಂಚಿನ ಪ್ರೇಕ್ಷಕನು ಕಾಡಿನ ಚಿತ್ರಕ್ಕೆ ಅನರ್ಹನೆಂದು ವಾದಿಸಬಹುದು: ಅವನು ತನ್ನ ಊರನ್ನು ಮರೆಯಲಾರ, ತನ್ನ ನಷ್ಟವನ್ನು ಬದಿಗಿಡಲಾರ, ಆದ್ದರಿಂದ ಸಾಧಾರಣೀಕರಣ ಅವನಲ್ಲಿ ನಡೆಯದು. ಈ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಚಿತ್ರಗಳನ್ನೇ ಮುಂದಿಟ್ಟುಕೊಂಡು ನೋಡೋಣ.

‘ಗಂಧದ ಗುಡಿ’ಯನ್ನು ನಿರ್ದೇಶಿಸಿದವರು ವಿಜಯ್, ನಿರ್ಮಿಸಿದವರು ಎಂ.ಪಿ. ಶಂಕರ್. ರಾಜಕುಮಾರರು ಇದರಲ್ಲಿ ಅರಣ್ಯಾಧಿಕಾರಿಯಾಗಿ ಕಳ್ಳಸಾಗಣೆಯವರನ್ನು ಎದುರಿಸುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತ್ತು. ಹುಲಿ ಯೋಜನೆ 1973ರ ಏಪ್ರಿಲಿನಲ್ಲಿ ಆರಂಭವಾಯಿತು. ಅದೇ ವರ್ಷ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ನಾಡಿನ ಅಭಿಮಾನ, ಕಾಡಿನ ಅಭಿಮಾನ ಎರಡೂ ಒಂದೇ ನಾಯಕನಲ್ಲಿ ಮೈವೆತ್ತ ಈ ಚಿತ್ರ ಆ ಕಾಲದ ಹಂಬಲಕ್ಕೆ ನುಡಿಕೊಟ್ಟಿತು. ಇಂದಿಗೂ ಅದನ್ನು ನೋಡುವವರ ಮುಖ ಅರಳುತ್ತದೆ. ‘ಅಣ್ಣಾವ್ರು ಇದ್ದರೆ ಸಾಕು’ ಎಂಬ ಮಾತು ನಾಯಕನ ಧೀರೋದಾತ್ತತೆಗೆ ಸಂದ ನ್ಯಾಯವಾದ ಮನ್ನಣೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬಂದಿತು: ‘ಕಾಡು ಕಡಿದವರು ಕಳ್ಳರು ಮಾತ್ರವೇ?’ ಮರದ ಡಿಪೋದ ಹರಾಜನ್ನೂ ಗಿರಣಿಗೆ ಹೋಗುವ ಬಿದಿರಿನ ಲಾರಿಗಳನ್ನೂ ಕಂಡು ಬೆಳೆದವರ ಪ್ರಶ್ನೆ ಇದು. ಕಾಯಿದೆಯ ಒಳಗೇ, ರಸೀದಿಯೊಡನೆಯೇ ಉರುಳಿದ ಮರಗಳಿಗೆ ಈ ಕಥೆಯಲ್ಲಿ ಸ್ಥಾನವಿಲ್ಲ. ಅಣ್ಣತಮ್ಮಂದಿರ ಸಂಬಂಧ ಬಯಲಾಗುವ ಕುಟುಂಬಕಥೆಗೆ ಕಾಡಿನ ಪ್ರಶ್ನೆ ಕೊನೆಗೆ ಹಿನ್ನೆಲೆಯಾಗುತ್ತದೆ. ಪ್ರೇಕ್ಷಕನ ಆ ಲಘುವಾದ ಮಾತು ಅಭಿನವಗುಪ್ತನ ಆರನೆಯ ವಿಘ್ನವನ್ನೇ ತೋರಿಸುತ್ತಿದೆಯೆಂದು ನಾವು ತಿಳಿಯುತ್ತೇವೆ.

ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಕಾಡು’ ಅದೇ ವರ್ಷದ್ದು. ಮಾರ್ಗ ಮಾತ್ರ ತೀರ ಬೇರೆ. ಇಲ್ಲಿ ಕಾಡನ್ನು ಕಾಯುವವರೂ ಇಲ್ಲ, ಕದಿಯುವವರೂ ಇಲ್ಲ. ಎರಡು ಹಳ್ಳಿಗಳ ವೈರವನ್ನು ಬಾಲಕ ಕಿಟ್ಟಿಯ ಕಣ್ಣುಗಳು ನೋಡುತ್ತವೆ, ಹೆಸರು ಹಿಡಿದು ಕರೆಯುವ ಹಕ್ಕಿಯ ಭಯವಾಗಿ ಕಾಡು ಅವನ ಮನಸ್ಸಿನೊಳಗೆ ಇರುತ್ತದೆ. ಗೋವಿಂದ ನಿಹಲಾನಿಯವರ ಛಾಯಾಗ್ರಹಣವನ್ನೂ, ರಾಷ್ಟ್ರಪ್ರಶಸ್ತಿ ಪಡೆದ ನಂದಿನಿ ಭಕ್ತವತ್ಸಲ ಅವರ ಅಭಿನಯವನ್ನೂ ವಿಮರ್ಶಕರು ಹೊಗಳಿದ್ದಾರೆ. ಲಘುವಾದ ಅಭಿಪ್ರಾಯ ಒಂದೇ ಪದದ್ದು: ‘ನಿಧಾನ’. ಈ ಪದವನ್ನು ನಿಂದೆಯೆಂದೇ ಗ್ರಹಿಸಬೇಕಾಗಿಲ್ಲ. ‘ಎಳೆದಿದ್ದಾರೆ’ ಎಂದರೆ ಹೇಳುವುದಕ್ಕೇನೂ ಉಳಿಯದೆ ಹೊತ್ತು ಕಳೆದಿದ್ದಾರೆ ಎಂದರ್ಥ. ‘ನಿಧಾನ’ ಎಂದರೆ ಹೊತ್ತು ಕೊಟ್ಟು ನೋಡಬೇಕು ಎಂದರ್ಥ. ಆಡುಮಾತು ಈ ಎರಡನ್ನೂ ಬೇರ್ಪಡಿಸಿ ಬಳಸುತ್ತದೆ. ಅಚ್ಚಾದ ವಿಮರ್ಶೆಗಳಲ್ಲಿ ಎಷ್ಟೋ ಸಲ ಈ ವಿವೇಚನೆ ಕಾಣುವುದಿಲ್ಲ. ಕತ್ತಲಾದ ಮೇಲೆ ಕಾಡಿನ ಕಡೆಗೆ ಮಕ್ಕಳನ್ನು ಬಿಡದ ಊರಿನಲ್ಲಿ ಕಿಟ್ಟಿಯ ಭಯ ವಿವರಣೆಯನ್ನು ಬೇಡುವುದಿಲ್ಲ. ಇಲ್ಲಿ ಪ್ರೇಕ್ಷಕನ ದೇಶಜ್ಞಾನವು ವಿಘ್ನವಾಗುವ ಬದಲು ರಸಕ್ಕೆ ಸಹಕಾರಿಯಾಯಿತು.

‘ದ್ವೀಪ’ದ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರ ಸ್ವರ್ಣಕಮಲವನ್ನು ಪಡೆಯಿತು, ಎಚ್.ಎಂ. ರಾಮಚಂದ್ರರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಸಂದಿತು. ಅಣೆಕಟ್ಟಿನ ನೀರು ಏರುತ್ತಿರುವಾಗ ಸೀತಾಪರ್ವತದಲ್ಲಿ ಉಳಿದುಕೊಳ್ಳುವ ಒಂದು ಸಂಸಾರದ ಕಥೆ ಇದು. ದುಗ್ಗಜ್ಜನಿಗೆ ನೆಲವೆಂದರೆ ದೈವ. ಗಣಪನಿಗೆ ಅದು ಮರ್ಯಾದೆ. ನಾಗಿಗೆ ದಿನದಿನದ ದುಡಿಮೆ. ನಾಗಿಯ ಪಾತ್ರವನ್ನು ವಹಿಸಿದ ಸೌಂದರ್ಯ ಅವರೇ ಚಿತ್ರವನ್ನು ನಿರ್ಮಿಸಿದರು. ಮಳೆಯೊಡನೆ ಹೋರಾಡಿ ಮನೆಯನ್ನು ಉಳಿಸಿಕೊಂಡವಳು ನಾಗಿ. ಉಳಿದುದರ ಕೀರ್ತಿ ಮಾತ್ರ ದೈವಕ್ಕೆ ಸಲ್ಲುತ್ತದೆ. ಹಾಡು, ಹೊಡೆದಾಟಗಳಿಲ್ಲದ ಈ ಚಿತ್ರವನ್ನು ಬಹುಕಡೆ ‘ಪ್ರಶಸ್ತಿಯ ಚಿತ್ರ’ವೆಂದು ಬದಿಗಿಡುವುದುಂಟು. ಅಂಬೇವಾಡಿಯಲ್ಲಿ ಕೇಳಿದ ಮಾತು ಬೇರೆ: ‘ಮಳೆ ಸರಿಯಾಗಿ ಬಿದ್ದಿದೆ’. ಸೂಪಾದ ಮುಳುಗಡೆಯನ್ನು ಬಲ್ಲ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆಯಿಲ್ಲ. ಸಂಭಾವನೆ ಸಿದ್ಧಿಸಿತೆಂಬುದನ್ನು ಮೂರು ಪದಗಳಲ್ಲಿ ಹೇಳಿದ ಹಾಗಾಯಿತು. ಸ್ವಂತ ದುಃಖ ಇಲ್ಲಿ ರಸವನ್ನು ಕೆಡಿಸಲಿಲ್ಲ. ಶರಾವತಿಯ ಸೀಮೆಯ ನಾಗಿಯಲ್ಲಿ ಕಾಳಿಯ ಸೀಮೆಯವರು ತಮ್ಮ ಮನೆಯ ಹೆಂಗಸರನ್ನು ಕಂಡರೆ, ಅದು ಒಂದು ಊರಿನ ದುಃಖವು ಎಲ್ಲ ಊರಿನದಾದ ಲಕ್ಷಣ. ಸಾಧಾರಣೀಕರಣವೆಂದರೆ ಇದಲ್ಲದೆ ಬೇರೇನು?

ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರ ಸೆಪ್ಟೆಂಬರ 30ರಂದು ತೆರೆಕಂಡು ನಾಡಿನಾಚೆಗೂ ಹಬ್ಬಿತು. ಅರಸನೊಬ್ಬನು ದೈವದ ಶಿಲೆಗೆ ಪ್ರತಿಯಾಗಿ ಹಳ್ಳಿಗರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ಮುಂದಿನ ತಲೆಮಾರು ಅದನ್ನು ಮರಳಿ ಕೇಳುತ್ತದೆ. 1990ರ ಹೊತ್ತಿಗೆ ಅರಣ್ಯಾಧಿಕಾರಿ ಮುರಳಿ ಆ ಜನರನ್ನು ಒತ್ತುವರಿದಾರರೆಂದು ಕಾಣುತ್ತಾನೆ. ‘ಗಂಧದ ಗುಡಿ’ಯಲ್ಲಿ ನಾಯಕನಾಗಿದ್ದ ಅಧಿಕಾರಿ ಇಲ್ಲಿ ಎದುರಾಳಿಯಾಗಿ ಬರುತ್ತಾನೆ; ಕಾಡಿನಲ್ಲಿ ಬಾಳುವವನು ನಾಯಕನಾಗುತ್ತಾನೆ. ಐವತ್ತು ವರ್ಷಗಳಲ್ಲಿ ನಮ್ಮ ಚಿತ್ರರಂಗದ ದೃಷ್ಟಿ ಹೊರಳಿದ ದೂರ ಇದರಿಂದ ತಿಳಿಯುತ್ತದೆ. ಕರಾವಳಿಯ ಆಡುನುಡಿ ಅಂಬೇವಾಡಿಯಲ್ಲಿ ಪೂರ್ತಿ ತಿಳಿಯದಿದ್ದರೂ ಕೊನೆಯ ಭಾಗದ ದೈವಾವೇಶ ಎಲ್ಲರನ್ನೂ ಹಿಡಿದು ಕೂರಿಸಿತು. ಕಣ್ಣು ಕಿವಿಗಳನ್ನು ತುಂಬುವ ಆ ಅದ್ಭುತಕ್ಕೆ ನಾವೂ ಮಣಿದೆವು. ಚಿತ್ರ ಮುಗಿದ ಮೇಲೆ ಬಂದ ಪ್ರಶ್ನೆ ಇಷ್ಟೇ: ‘ಜಾಗದ ಕಾಗದ ಕೊನೆಗೆ ಯಾರ ಹೆಸರಿಗಾಯಿತು?’

ಇದನ್ನು ಅರಸಿಕನ ಪ್ರಶ್ನೆಯೆಂದು ನಕ್ಕುಬಿಡಲಾಗದು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯವನ್ನು ತೋರಬೇಕು. ಕಾಗದವೇ ಬಾಳಿನ ಆಧಾರವಾಗಿರುವ ಕಡೆ ಕಥೆಯಲ್ಲಿ ಅದರ ಗತಿ ಏನಾಯಿತೆಂದು ಕೇಳುವುದು ಸಹಜ. ಚಿತ್ರವು ಕಾನೂನಿಗೂ ಜನರಿಗೂ ನಡುವಣ ವಿವಾದವನ್ನು ಎತ್ತಿಕೊಂಡು, ಕೇಡನ್ನೆಲ್ಲ ಧಣಿಯ ಮೇಲೆ ಹೊರಿಸಿ, ಅಧಿಕಾರಿಯ ಕೈಯನ್ನೂ ಜನರ ಕೈಯನ್ನೂ ದೈವದಿಂದ ಒಂದುಗೂಡಿಸುತ್ತದೆ. ಭಾವಕ್ಕೆ ಅದು ತೃಪ್ತಿ ಕೊಡುತ್ತದೆ. ಎತ್ತಿದ ಪ್ರಶ್ನೆಯನ್ನು ನಿರ್ವಹಿಸಿದಂತಾಗುವುದಿಲ್ಲ. ನಿರ್ವಹಣಸಂಧಿಯ ಈ ಸಡಿಲವನ್ನು ಆ ಒಂದು ಪ್ರಶ್ನೆ ಬೆರಳಿಟ್ಟು ತೋರಿಸಿತು.

ಹಾಗೆಂದು ಕಾಡಂಚಿನ ಪ್ರೇಕ್ಷಕನು ಆಡಿದ್ದೆಲ್ಲವೂ ಪ್ರಮಾಣವೆಂದು ನಾವು ಹೇಳುವುದಿಲ್ಲ. ‘ನಮ್ಮದು ಸಾಗವಾನಿಯ ಕಾಡು, ಇದು ಬೇರೆ’ ಎಂಬ ಮಾತೂ ಕೇಳಿಬಂದಿತು. ಅದು ದೇಶವಿಶೇಷದಲ್ಲಿ ಸಿಕ್ಕಿಬಿದ್ದ ಮಾತೇ ಸರಿ, ಅದರಿಂದ ಚಿತ್ರಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ‘ಇದು ನಮ್ಮೂರಲ್ಲ’ ಎಂಬ ಮಾತು ಬೇರೆ. ‘ಇದು ಹೀಗಾಗದು’ ಎಂಬ ಮಾತು ಬೇರೆ. ಮೊದಲನೆಯದು ಎರಡನೆಯ ವಿಘ್ನ. ಎರಡನೆಯದು ಮೊದಲನೆಯ ವಿಘ್ನವನ್ನು ಕಂಡುಹಿಡಿಯುವ ಸಾಧನ. ಸಂಭವ ಅಸಂಭವಗಳನ್ನು ತೀರ್ಮಾನಿಸಲು ಲೋಕವೃತ್ತವನ್ನು ಬಲ್ಲವನೇ ಬೇಕು. ಮುಳುಗಡೆಯ ಚಿತ್ರಕ್ಕೆ ಮುಳುಗಡೆಯನ್ನು ಬಲ್ಲವನು, ಕಾಡಿನ ಚಿತ್ರಕ್ಕೆ ಕಾಡನ್ನು ಬಲ್ಲವನು. ಸಹೃದಯತೆಗೆ ಕಾವ್ಯಾಭ್ಯಾಸ ಬೇಕೆಂದು ನಾವು ತಪ್ಪದೆ ಪಾಠಹೇಳುತ್ತೇವೆ. ಲೋಕಪರಿಚಯವೂ ಅಷ್ಟೇ ಬೇಕೆಂಬುದನ್ನು ಒತ್ತಿಹೇಳುವುದು ವಿರಳ.

ನಾಲ್ಕೂ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕೊರತೆ ಕಾಣುತ್ತದೆ. ಕಾಡನ್ನು ಕಾಯುವವನು, ಕದಿಯುವವನು, ಕಾಡಿಗೆ ಹೆದರುವವನು, ಕಾಡಿಗಾಗಿ ಆವೇಶಗೊಳ್ಳುವವನು ನಮ್ಮ ತೆರೆಯ ಮೇಲೆ ಬಂದಿದ್ದಾರೆ. ಬಿದಿರು ಕಡಿದು ಹೊರೆ ಕಟ್ಟುವವರು, ಡಿಪೋದಲ್ಲಿ ದಿಮ್ಮಿ ಉರುಳಿಸುವವರು ಪ್ರಧಾನಪಾತ್ರಗಳಾಗಿ ಬಂದಿಲ್ಲ. ದುಡಿಮೆಯನ್ನೇ ರಸದ ಮೂಲವಾಗಿಸುವ ದಾರಿಯನ್ನು ‘ದ್ವೀಪ’ದ ನಾಗಿ ತೋರಿದ್ದಾಳೆ, ಆ ದಾರಿಯಲ್ಲಿ ಮುಂದೆ ನಡೆಯುವ ಚಿತ್ರ ಈ ಸೀಮೆಯಿಂದ ಬರಬೇಕು. ಅಂಥ ಚಿತ್ರ ಬಂದ ದಿನ ಅದರ ಗುಣದೋಷಗಳನ್ನು ವಿಚಾರಿಸುವ ಅಭ್ಯಾಸಿಗಳು ಪತ್ರಿಕೆಗಳ ಅಭಿಪ್ರಾಯಗಳ ಜೊತೆಗೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮನೆಗಳಲ್ಲಿ ಆಡಿದ ಮಾತುಗಳನ್ನೂ ಬರೆದುಕೊಳ್ಳಲೆಂದು ನಾವು ಆಶಿಸುತ್ತೇವೆ.